ಗಾಳಿಯ ಜೀವ, ಎಂಜಿನ್ನಿನ ಹೊಗೆ

ಚಾತುರ್ಮಾಸಕ್ಕೆಂದು ಬೆಂಗಳೂರಿನ ವಿಜಯನಗರ, ರಾಜಾಜಿನಗರಗಳ ಕಡೆ ಬರುವ ಜೈನ ಮುನಿಗಳು ಎಷ್ಟೇ ದೂರದಿಂದಾದರೂ ಕಾಲ್ನಡಿಗೆಯಲ್ಲೇ ಬರುತ್ತಾರೆ. ಅವರನ್ನು ಎದುರುಗೊಳ್ಳುವ ಶ್ರಾವಕರಲ್ಲಿ ವ್ಯಾಪಾರಕ್ಕೆ ಸೂರತ್ತಿಗೋ ಮುಂಬೈಗೋ ವಿಮಾನ ಹತ್ತುವವರೂ ಇರುತ್ತಾರೆ. ಇದರಲ್ಲಿ ಕಪಟವೇನಿಲ್ಲ. ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂದು ಧರ್ಮವೇ ಎರಡು ಅಳತೆ ಇಟ್ಟಿದೆ. 1980ರಲ್ಲಿ ತೇರಾಪಂಥವೆಂಬ ಜೈನ ಪಂಗಡದ ಆಚಾರ್ಯ ತುಲಸಿ ಮುನಿಗೂ ಗೃಹಸ್ಥನಿಗೂ ನಡುವಿನ ಸಮಣ ಶ್ರೇಣಿಯನ್ನು ಸ್ಥಾಪಿಸಿ, ಅದರ ಸಾಧಕರಿಗೆ ವಾಹನದ ಅನುಮತಿಯನ್ನೂ ಕೊಟ್ಟರು. ಆದರೆ ಜೈನ ದರ್ಶನದಲ್ಲಿ ಗಾಳಿಯೆಂದರೆ ವಾಯುಕಾಯಿಕ ಎಂಬ ಏಕೇಂದ್ರಿಯ ಜೀವಗಳ ದೇಹ. ಹಾಗಿದ್ದರೆ ಜೆಟ್ ಎಂಜಿನ್ನಿನ ಹೊಗೆ ಯಾರ ಲೆಕ್ಕಕ್ಕೆ?

ಸುಂಕದಕಟ್ಟೆಯಲ್ಲಿ ನಿಂತು ಹೀಗೆ ಕೇಳುವುದು ವಿಚಿತ್ರವೆನಿಸಬಹುದು. ಮಾಗಡಿ ರಸ್ತೆಯ ದೂಳು, ಪಕ್ಕದ ಪೀಣ್ಯದ ಕಾರ್ಖಾನೆಗಳು. ಇಲ್ಲಿನವರ ಮೂಗಿಗೆ ಅಷ್ಟೇ ಸಾಕಾಗಿದೆ. ಪ್ರಯಾಣಿಕ ವಿಮಾನಗಳು 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸರಿದ ಮೇಲಂತೂ ಅವುಗಳ ಹೊಗೆ ಇಲ್ಲಿಗೆ ದೂರದ ಮಾತು. ಪ್ರಶ್ನೆ ಮೊನಚಾಗುವುದೂ ಅದರಿಂದಲೇ. ಟಿಕೆಟ್ ಇಲ್ಲಿಯವರದು, ಹೊಗೆ ವಿಮಾನಕ್ಕೆ ಲಗೇಜು ತುಂಬುವವರದು, ನಿಲ್ದಾಣದ ಸುತ್ತಲ ಹಳ್ಳಿಗಳವರದು.

ವಿಮಾನದ ಹೊಗೆ ಮುಗಿಲಲ್ಲೇ ಕರಗಿಹೋಗುತ್ತದೆಂಬ ನಂಬಿಕೆ ಹಲವರಿಗಿದೆ. ಎಂಜಿನ್‌ಗಳಿಗೆ ಪ್ರಮಾಣಪತ್ರ ಕೊಡಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಬಳಸುವ ಲೆಕ್ಕವೇ ಬೇರೆ ಹೇಳುತ್ತದೆ. 3,000 ಅಡಿಯಿಂದ ಕೆಳಗಿನ ಒಂದು ಸುತ್ತಿನಲ್ಲಿ ಇಳಿಯಲು 4 ನಿಮಿಷ, ನೆಲದಿಂದ ಏಳಲು 0.7 ನಿಮಿಷ, ಮೇಲೇರಲು 2.2 ನಿಮಿಷ. ನೆಲದ ಮೇಲೆ ತೆವಳುತ್ತಲೋ ನಿಂತೋ ಕಳೆಯುವುದು 26 ನಿಮಿಷ! ಆಗ ಎಂಜಿನ್ ಓಡುವುದು ಶೇ 7ರಷ್ಟು ಶಕ್ತಿಯಲ್ಲಿ. ಇಂಧನ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್, ಅರೆಬೆಂದ ಹೈಡ್ರೊಕಾರ್ಬನ್‌ಗಳು ಹೊರಬೀಳುತ್ತವೆ. ಪೂರ್ಣ ಶಕ್ತಿಯಲ್ಲಿ ಏಳುವಾಗಿನ ಕಾವಿಗೆ ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚುತ್ತವೆ.

ಇದರ ಜೊತೆಗೆ 0.1 ಮೈಕ್ರಾನಿಗಿಂತ ಸಣ್ಣ ಕಣಗಳು. ಇವುಗಳಿಗೆ ತೂಕವೇ ಇಲ್ಲವೆನ್ನಬೇಕು. ತೂಗಿ ಪ್ರಯೋಜನವಿಲ್ಲ, ಎಣಿಸಬೇಕು. ಲಾಸ್ ಏಂಜಲೀಸ್ ನಿಲ್ದಾಣದ ಸುತ್ತ ಎಣಿಸಿದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಕಾರ, ಗಾಳಿ ಬೀಸುವ ದಿಕ್ಕಿನಲ್ಲಿ 16 ಕಿಲೋಮೀಟರ್‌ವರೆಗೂ ಅವು ಸಾಮಾನ್ಯ ಮಟ್ಟದ ಎರಡು ಪಟ್ಟಿಗೆ ಕಡಿಮೆಯಿರಲಿಲ್ಲ. ಭಾರತದ 2009ರ ವಾಯು ಗುಣಮಟ್ಟ ಮಾನದಂಡಗಳು 12 ಮಾಲಿನ್ಯಕಾರಕಗಳನ್ನು ಹೆಸರಿಸುತ್ತವೆ. ಈ ಕಣಗಳ ಎಣಿಕೆ ಅದರಲ್ಲಿಲ್ಲ. ಕಣ್ಣಿಗೆ ಕಾಣದ ಜೀವವನ್ನೂ ಲೆಕ್ಕಕ್ಕೆ ಹಿಡಿದ ನಾಡಿನ ದರ್ಶನಕ್ಕೂ ಈ ಸರ್ಕಾರಿ ಪಟ್ಟಿಗೂ ಎಂಥ ಅಂತರ!

ಜೈನರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವುದು ಸಂಕಲ್ಪಿ, ಮನೆಗೆಲಸದಲ್ಲಿ ಆಗುವುದು ಆರಂಭಿ, ದುಡಿಮೆಯಲ್ಲಿ ಆಗುವುದು ಉದ್ಯೋಗಿ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧಿ. ವ್ಯಾಪಾರಿಯ ವಿಮಾನಯಾನ ಉದ್ಯೋಗಿಯ ಲೆಕ್ಕಕ್ಕೆ ಬಂದೀತು. ಆದರೆ ಹಾರಲು ಸರದಿ ಕಾಯುತ್ತ ನಿಂತ ವಿಮಾನದ ಎರಡೂ ಎಂಜಿನ್ ಉರಿಯುತ್ತಿದ್ದರೆ? ಪ್ರಮಾದದಿಂದ ಪ್ರಾಣಕ್ಕೆ ತರುವ ಕೇಡೇ ಹಿಂಸೆ ಎನ್ನುತ್ತದೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ. ಎಚ್ಚರಗೇಡಿತನವೇ ಅಲ್ಲಿ ಒರೆಗಲ್ಲು. ಅಳೆಯುವ ಉಪಕರಣವಿದ್ದೂ ಅಳೆಯದಿರುವುದು, ತಗ್ಗಿಸುವ ದಾರಿಯಿದ್ದೂ ತುಳಿಯದಿರುವುದು ಉದ್ಯೋಗದ ಅನಿವಾರ್ಯತೆಯೊಳಗೆ ಬರುವುದಿಲ್ಲ. ಅದು ಶುದ್ಧ ಪ್ರಮಾದ. ನೆಲ ನೋಡಿ ಹೆಜ್ಜೆಯಿಡುವ ಮುನಿಯ ಈರ್ಯಾಸಮಿತಿಗೆ ವಿಮಾನ ನಿಲ್ದಾಣದಲ್ಲಿ ಸಾಟಿಯೆಂದರೆ ಮಾಪನವೇ.

ದಾರಿಗಳಂತೂ ಇವೆ. ಜ್ಯೂರಿಕ್ ನಿಲ್ದಾಣ 1997ರಿಂದಲೇ ಎಂಜಿನ್ ಉಗುಳುವ ಹೊಗೆ ನೋಡಿ ಶುಲ್ಕ ನಿಗದಿ ಮಾಡಿತು. 2019ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಪ್ರಯಾಣಿಕರ ಸಮೇತ ಟ್ಯಾಕ್ಸಿಬಾಟ್ ಎಂಬ ವಾಹನ ಎಳೆದಂತೆ ರನ್‌ವೇ ಕಡೆ ಸಾಗಿತು, ತನ್ನ ಎಂಜಿನ್ ಹಚ್ಚದೆ. ನಿಂತ ವಿಮಾನಕ್ಕೆ ನೆಲದಿಂದಲೇ ವಿದ್ಯುತ್ತು, ತಂಪುಗಾಳಿ ಕೊಟ್ಟರೆ ಬಾಲದಲ್ಲಿರುವ ಸಣ್ಣ ಎಂಜಿನ್ ಸುಮ್ಮನಿರುತ್ತದೆ.

ಸುಂಕದಕಟ್ಟೆಯವರು ಸಾಣೇಗುರುವನಹಳ್ಳಿ, ಪೀಣ್ಯದ ವಾಯುಮಾಪನ ಕೇಂದ್ರಗಳ ಅಂಕಿಯನ್ನು ಮೊಬೈಲಿನಲ್ಲೇ ನೋಡಬಹುದು. 2019ರಿಂದ ಎರಡು ರನ್‌ವೇ ಓಡಿಸುತ್ತಿರುವ ದೇವನಹಳ್ಳಿಯಲ್ಲಿ ಅತಿಸೂಕ್ಷ್ಮ ಕಣಗಳ ಎಣಿಕೆಯೂ ಹಾಗೆಯೇ, ಗಂಟೆಗಂಟೆಗೆ, ಎಲ್ಲರ ಕಣ್ಣಿಗೂ ಸಿಗಬೇಕು. ಕೇಳಬೇಕಾದವರು ಅಲ್ಲಿನ ಹಳ್ಳಿಯವರಷ್ಟೇ ಅಲ್ಲ, ಇಲ್ಲಿಂದ ಹೋಗಿ ವಿಮಾನ ಹತ್ತುವವರು.