ನಡುಗುತ್ತಲೇ ನಾಲ್ಕು ಮಾತು

ವಿಜಯವಾಡದಿಂದ ಹೈದರಾಬಾದ್ ರಸ್ತೆ ಹಿಡಿದರೆ ಇಬ್ರಾಹಿಂಪಟ್ನಂ ಸಿಗುತ್ತದೆ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ಗೊಂಬೆಗಳ ಊರು ಕೊಂಡಪಲ್ಲಿ. ಅಲ್ಲಿನ ಕುಶಲಕರ್ಮಿಗಳು ಪೊಣಿಕಿ ಎಂಬ ಹಗುರ ಮರದಲ್ಲಿ ಕೈ, ಕಾಲು, ತಲೆಗಳನ್ನು ಬೇರೆ ಬೇರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಬಣ್ಣ ಬಿದ್ದ ಗೊಂಬೆ ಇನ್ನೇನು ಮಾತಾಡಿಯೇ ಬಿಡುತ್ತದೆ ಅನ್ನಿಸುತ್ತದೆ, ಆಡುವುದಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಪಾಡೂ ಅದೇ. ಮನೆಯಲ್ಲಿ ಮಾತಿನಮಲ್ಲ, ಮೈಕಿನ ಮುಂದೆ ಮರದ ಗೊಂಬೆ.

ಹಾಗೆ ಗೊಂಬೆಯಾಗಿ ನಿಂತವರೊಬ್ಬರು ಮುಂದೆ ಇದೇ ಸೀಮೆಗೆ ಬಂದಿದ್ದರು. ವಿಜಯವಾಡವಿನ್ನೂ ಬೆಜವಾಡ ಆಗಿದ್ದ ಕಾಲ. 1921ರ ಮಾರ್ಚ್ ಕೊನೆಗೆ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅಲ್ಲಿ ಸೇರಿತು. ತಿಲಕ್ ಸ್ವರಾಜ್ಯ ನಿಧಿಗೆ 1 ಕೋಟಿ ರೂಪಾಯಿ, ಕಾಂಗ್ರೆಸ್ಸಿಗೆ 1 ಕೋಟಿ ಸದಸ್ಯರು, ಮನೆಮನೆಗೆಂದು 20 ಲಕ್ಷ ಚರಕ: ಇಡೀ ದೇಶಕ್ಕೇ ಕೆಲಸ ಹಚ್ಚಿದ ಸಭೆ ಅದು. ಹಚ್ಚಿದವರು ಗಾಂಧೀಜಿ.

ಅದಕ್ಕೆ ಮೂವತ್ತು ವರ್ಷ ಹಿಂದೆ ಇದೇ ಗಾಂಧಿ ಇಂಗ್ಲೆಂಡಿನ ವೆಂಟ್ನರ್‌ನಲ್ಲಿ ಸಸ್ಯಾಹಾರಿಗಳ ಸಭೆಗೆ ಹೋಗಿದ್ದರು. ಭಾಷಣ ಬರೆದು ಒಯ್ದಿದ್ದು ಒಂದೇ ಹಾಳೆ. ಎದ್ದು ನಿಂತರು, ಕಣ್ಣು ಮಂಜಾಯಿತು, ಮೈ ನಡುಗಿತು. ಜೊತೆಗಿದ್ದ ಗೆಳೆಯ ಮಜ್ಮುದಾರರು ಆ ಹಾಳೆ ತೆಗೆದುಕೊಂಡು ಓದಿ ಮುಗಿಸಿದರು. ಬ್ಯಾರಿಸ್ಟರ್ ಆಗಿ ಬಂದ ಮೇಲೆ ಮುಂಬಯಿಯಲ್ಲಿ ಮೊದಲ ಮೊಕದ್ದಮೆ. ಶುಲ್ಕ 30 ರೂಪಾಯಿ. ಪಾಟೀಸವಾಲಿಗೆ ನಿಂತರೆ ತಲೆ ಗಿರ್ರೆಂದಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದು ಹೇಳಿ ಕೋರ್ಟಿನಿಂದ ಹೊರಬಿದ್ದರು.

ಬಾಯಿ ಬಂದದ್ದು 1893ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಅಲ್ಲಿನ ಭಾರತೀಯ ವ್ಯಾಪಾರಿಗಳನ್ನು ಒಂದು ಮನೆಯಲ್ಲಿ ಸೇರಿಸಿ, ವ್ಯಾಪಾರದಲ್ಲಿ ಸತ್ಯ ನಡೆಯುವುದಿಲ್ಲ ಎಂಬುದು ಸುಳ್ಳು ಎಂದು ಹೇಳಿದರು. ಬದುಕಿನ ಮೊದಲ ಭಾಷಣ ಎಂದು ಅವರು ಲೆಕ್ಕ ಹಿಡಿದದ್ದು ಇದನ್ನೇ. ಅಲ್ಲಿಗೇ ಬಿಡಲಿಲ್ಲ, ಅಂಥ ಸಭೆ ಮತ್ತೆ ಮತ್ತೆ ಸೇರುವಂತೆ ನೋಡಿಕೊಂಡರು.

ಹಾಗಾದರೆ ಅಂಜಿಕೆ ಹೋಯಿತೇ? ಎಲ್ಲಿ ಬಂತು! 1896ರಲ್ಲಿ ಮುಂಬಯಿಯ ದೊಡ್ಡ ಸಭೆಯಲ್ಲಿ ದನಿ ಮತ್ತೆ ನಡುಗಿತು. ನಾಯಕ ಫಿರೋಜ್‌ಶಾ ಮೆಹ್ತಾ ‘ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ’ ಎಂದಷ್ಟೂ ದನಿ ಉಡುಗಿತು. ಕೊನೆಗೆ ಭಾಷಣ ಓದಿದವರು ದಿನ್‌ಶಾ ವಾಚಾ. ಗಾಂಧೀಜಿ ಅದಾದ ಮೇಲೂ ಸಭೆ ಬಿಡಲಿಲ್ಲ. ದೊಡ್ಡ ಗಂಟಲು ಅವರಿಗೆ ಎಂದೂ ಬರಲಿಲ್ಲ. ಸಂಕೋಚದಿಂದಲೇ ಮಾತನ್ನು ಅಳೆದು ಆಡುವುದು ಕಲಿತೆ ಎಂದು ಆತ್ಮಕಥೆಯಲ್ಲಿ ಅದಕ್ಕೂ ಋಣ ಸಲ್ಲಿಸಿದ್ದಾರೆ.

ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅನ್ನುತ್ತಾರೆ ಹಿರಿಯರು. ಗಾದೆಯ ಮೊದಲರ್ಧ ಎಲ್ಲರಿಗೂ ನೆನಪಿರುತ್ತದೆ. ಎರಡನೆಯದೂ ಅಷ್ಟೇ ನಿಜ. ‘ನನಗೆ ಬರಲ್ಲ, ಬೇರೆಯವರಿಗೆ ಕೊಡಿ’ ಎಂದು ಪ್ರತಿ ಸಲ ಜಾರಿಕೊಳ್ಳುವವರೂ ಅಭ್ಯಾಸವನ್ನೇ ಮಾಡುತ್ತಿರುತ್ತಾರೆ, ಜಾರಿಕೊಳ್ಳುವ ಅಭ್ಯಾಸ. ಹತ್ತು ವರ್ಷಕ್ಕೆ ಅದರಲ್ಲಿ ಪಳಗಿಬಿಡುತ್ತಾರೆ.

ಮಾತುಗಾರನೂ ಕೊಂಡಪಲ್ಲಿ ಗೊಂಬೆಯ ಹಾಗೆ ಬಿಡಿಬಿಡಿಯಾಗಿಯೇ ತಯಾರಾಗಬೇಕು. ಇವತ್ತು ಎದ್ದು ನಿಲ್ಲುವುದು, ನಾಳೆ ಜನರ ಮುಖ ನೋಡುವುದು, ಇನ್ನೊಂದು ದಿನ ಚೀಟಿ ಮಡಚಿ ಜೇಬಿಗಿಡುವುದು. ಕಲಿಯುವವರಿಗೆಂದೇ ನಮ್ಮ ಸಮಾರಂಭಗಳಲ್ಲಿ ಒಂದು ಒಳ್ಳೆಯ ಜಾಗವಿದೆ: ವಂದನಾರ್ಪಣೆ. ಐದೇ ನಿಮಿಷ. ಹೊಟ್ಟೆ ಹಸಿದ ಸಭಿಕರು ತಪ್ಪು ಹುಡುಕುವುದಿಲ್ಲ, ಬೇಗ ಮುಗಿಸಿದರೆ ಚಪ್ಪಾಳೆಯೂ ಸಿಗುತ್ತದೆ. ಮುಂದಿನ ಸಲ ಆಹ್ವಾನ ಪತ್ರಿಕೆಯಲ್ಲಿ ಆ ಸಾಲು ಖಾಲಿ ಇದ್ದರೆ ನಿಮ್ಮ ಹೆಸರು ಬರೆಸಿ.