ಹರಕೆಯೂ ಇರಲಿ, ಔಷಧವೂ ಇರಲಿ

॥ ಶ್ರೀ ರೇಣುಕಾ ಯಲ್ಲಮ್ಮ ದೇವಿ ಪ್ರಸನ್ನ ॥



ಗುಡ್ಡ ಹತ್ತಿ ಬಂದು, ತಾಯಿಯ ದರ್ಶನ ಪಡೆದು, ಹಣೆಗೆ ಭಂಡಾರ ಹಚ್ಚಿಕೊಂಡು ಈ ಪುಸ್ತಕ ಕೈಯಲ್ಲಿ ಹಿಡಿದ ನಿಮಗೆಲ್ಲ ಶರಣು. ನಾನು ಸ್ವಾಮಿಯೂ ಅಲ್ಲ, ಶಾಸ್ತ್ರಿಯೂ ಅಲ್ಲ. ಕಚೇರಿಯಲ್ಲಿ ಕುಳಿತು ರಸೀದಿ ಬರೆಯುವ ಗುಮಾಸ್ತ. ಊರು ಅಥಣಿ ತಾಲ್ಲೂಕಿನ ಸತ್ತಿ, ಕೃಷ್ಣಾ ದಂಡೆಯದು. ಓದಿದ್ದು ಪಿ.ಯು.ಸಿ. ಮಟ್ಟ. ಆದರೂ ಎರಡು ಮಾತು ಹೇಳಬೇಕಾಗೇತಿ.

ರಸೀದಿ ಬರೆಸುವಾಗ ಭಕ್ತರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಮಗಳ ಲಗ್ನ, ಹೊಲದ ವ್ಯಾಜ್ಯ, ಸೊಸೆಗೆ ಮಕ್ಕಳ ಫಲ ಇವನ್ನೆಲ್ಲ ಎದ್ದ ದನಿಯಲ್ಲಿ ಹೇಳುತ್ತಾರೆ. ಒಂದು ಕಷ್ಟವನ್ನು ಮಾತ್ರ ಮೇಜಿನ ಮೇಲೆ ಬಗ್ಗಿ ಕಿವಿಯಲ್ಲಿ ಹೇಳುತ್ತಾರೆ: "ಮನ್ಯಾಗ ಕ್ಯಾನ್ಸರ್ ಬಂದೈತ್ರಿ, ಯಾರಿಗೂ ಹೇಳಿಲ್ಲ." ಈ ಪಿಸುಮಾತು ನನಗೆ ಚೆನ್ನಾಗಿ ಗೊತ್ತು. ನಾನೂ ಹಾಗೇ ಮುಚ್ಚಿಟ್ಟವನು.

2019ರ ಬನದ ಹುಣ್ಣಿಮೆಯ ಹೊತ್ತಿಗೆ ನನ್ನ ಹೆಂಡತಿ ಎದೆಯಲ್ಲಿ ಒಂದು ಗಂಟು ಕೈಗೆ ಹತ್ತಿದೆ ಅಂದಳು. ನೋವು ಇರಲಿಲ್ಲ. "ನೋವಿಲ್ಲ ಅಂದ್ರ ಏನೂ ಇಲ್ಲ" ಅಂದೆ. ದಿನವೂ ತಾಯಿಯ ಸನ್ನಿಧಿಯಲ್ಲಿ ಇರುವವನು ನಾನು, ನನ್ನ ಮನೆಗೆ ಏನು ಬಂದೀತು ಎಂಬ ಧೈರ್ಯ, ಅಲ್ಲ, ಸೊಕ್ಕು. ಎಣ್ಣೆಹೊಂಡದಲ್ಲಿ ಸ್ನಾನ ಮಾಡಿಸಿದೆ, ಗಂಟಿಗೆ ಭಂಡಾರ ಹಚ್ಚಿಸಿದೆ, ಹರಕೆ ಕಟ್ಟಿದೆ. ಭಾರತ ಹುಣ್ಣಿಮೆ ಜಾತ್ರೆಯ ಗದ್ದಲದಲ್ಲಿ ಮರೆತೆ. ದವನದ ಹುಣ್ಣಿಮೆ ಹೊತ್ತಿಗೆ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಆಗ ಆಸ್ಪತ್ರೆಗೆ ಹೋದೆವು. ಸೂಜಿ ಹಾಕಿ ತೆಗೆದ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಡಾಕ್ಟರು ಬೈಯಲಿಲ್ಲ. "ಮೂರು ತಿಂಗಳು ಯಾಕ ತಡ ಮಾಡಿದ್ರಿ?" ಎಂದಷ್ಟೇ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಈ ತಪ್ಪು ತಾಯಿಯದಲ್ಲ, ಭಂಡಾರದ್ದಲ್ಲ. ನನ್ನದು.

ಭಕ್ತರೇ, ನಮ್ಮ ತಾಯಿಯ ಕಥೆಯನ್ನೇ ನೆನೆಯಿರಿ. ರೇಣುಕೆ ದಿನವೂ ಮಲಪ್ರಭೆಯ ಉಸುಕಿನಿಂದ ಕೊಡ ಮಾಡಿ ನೀರು ತರುತ್ತಿದ್ದಳು. ಒಂದು ದಿನ ಚಿತ್ತ ಚಂಚಲವಾಗಿ ಕೊಡ ನಿಲ್ಲಲಿಲ್ಲ. ಜಮದಗ್ನಿ ಮುನಿಗಳು ಶಪಿಸಿದರು. ಮೈಯೆಲ್ಲ ರೋಗ ತುಂಬಿ ಆಕೆ ಆಶ್ರಮ ಬಿಟ್ಟು ಅಡವಿಗೆ ಹೋಗಬೇಕಾಯಿತು. ಅಲ್ಲಿ ಸಿಕ್ಕವರು ಏಕಯ್ಯ, ಜೋಗಯ್ಯ. ನಾವು ಕೇಳಿದ ಕಥೆಯಲ್ಲಿ ಅವರು ಆಕೆಯನ್ನು ಕಂಡು ಹೇಸಲಿಲ್ಲ. ಜೋಗುಳಬಾವಿಯಲ್ಲಿ ಸ್ನಾನ ಮಾಡಲು ಹೇಳಿ, ಅರಿಷಿಣ ಕೊಟ್ಟು ಆರೈಕೆಯ ದಾರಿ ತೋರಿಸಿದರು. ತಾಯಿ ಗುಣವಾದಳು.

ಇದರ ತಾತ್ಪರ್ಯ ಏನು? ತಾಯಿಗೇ ರೋಗ ಬಂದಿತ್ತು. ರೋಗ ಬಂದವರನ್ನು ಹೊರಗಿಡುವ ಮನೆ ತಾಯಿಯನ್ನೇ ಹೊರಗೆ ಹಾಕಿದ ಹಾಗೆ. ರೋಗಿಯ ಕೈ ಹಿಡಿದವರು ಏಕಯ್ಯ, ಜೋಗಯ್ಯ ಆಗುತ್ತಾರೆ. ಆ ಕಾಲದ ಮದ್ದು ಅರಿಷಿಣ, ತೀರ್ಥ. ಈ ಕಾಲದ ಮದ್ದು ಆಪರೇಷನ್, ಕಿಮೋ, ಕರೆಂಟು. ಅದನ್ನು ಕೊಡಿಸುವುದೂ ತಾಯಿಯ ಸೇವೆಯೇ.

"ಭಕ್ತಿ ಗಟ್ಟಿ ಇದ್ದವರಿಗೆ ಇಂಥ ರೋಗ ಬರೋದಿಲ್ಲ" ಅನ್ನುವವರು ಇದ್ದಾರೆ. ಅವರ ಮಾತು ಕೇಳಬೇಡಿರಿ. ಶ್ರೀ ರಾಮಕೃಷ್ಣ ಪರಮಹಂಸರಿಗಿಂತ ದೊಡ್ಡ ದೇವಿ ಭಕ್ತರು ಯಾರು? 1885ರಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್ ಕಾಣಿಸಿತು. ಡಾ. ಮಹೇಂದ್ರಲಾಲ್ ಸರ್ಕಾರರು ಚಿಕಿತ್ಸೆ ಮಾಡಿದರು. ಶಾರದಾಮಾತೆ ಅವರಿಗೆ ನುಂಗಲು ಬರುವಂಥ ಪಥ್ಯ ಮಾಡಿಕೊಟ್ಟರು. ಮುಂದೆ ವಿವೇಕಾನಂದರಾದ ನರೇಂದ್ರ ಮತ್ತು ಗೆಳೆಯರು ಸರದಿಯಲ್ಲಿ ಸೇವೆ ಮಾಡಿದರು. 1886ರ ಆಗಸ್ಟ್ 16ರಂದು ಪರಮಹಂಸರು ದೇಹ ಬಿಟ್ಟರು. ರೋಗ ಗುಣವಾಗಲಿಲ್ಲ, ಭಕ್ತಿಗೆ ಕುಂದೂ ಬರಲಿಲ್ಲ. ಆ ಹುಡುಗರು ಸೇವೆಯಲ್ಲೇ ಒಂದು ಮನೆಯವರಾದರು.

ನಮ್ಮ ಮನೆಯೂ ಆ ವರ್ಷ ಕಲಿಯಿತು. ಆಪರೇಷನ್ ಆದ ಮೇಲೆ 21 ದಿನಕ್ಕೊಮ್ಮೆ ಕಿಮೋ. ಎರಡು ಮೂರು ವಾರದಲ್ಲಿ ತಲೆಗೂದಲು ಉದುರಿದವು. ಆಕೆ ಕನ್ನಡಿ ತಿರುಗಿಸಿಟ್ಟಳು. ನನ್ನ ತಾಯಿ, ಎಪ್ಪತ್ತು ದಾಟಿದವಳು, ತಾನೇ ಸೊಸೆಯ ತಲೆಗೆ ಸೆರಗು ಹೊದಿಸಿ ಹಣೆಗೆ ಭಂಡಾರ ಇಟ್ಟು, "ಕೂದಲಾ ಬರ್ತಾವ, ನೀ ಇರು ಸಾಕು" ಅಂದಳು. ಬಾಯಿ ಹುಣ್ಣಾದಾಗ ರವೆ ಗಂಜಿ, ಹೆಸರುಬೇಳೆ ಕಟ್ಟು ಮಾಡಿದಳು. ಗುಡ್ಡಕ್ಕೆ ಬರಲಾಗದ ಮಂಗಳವಾರ, ಶುಕ್ರವಾರ ಮನೆಯಲ್ಲೇ ಪಡ್ಡಲಗಿ ತುಂಬಿಸಿದಳು.

ಮಗ ಆಗ ಹತ್ತನೇತ್ತೆ. ಪರೀಕ್ಷೆ ಕೆಡುತ್ತದೆಂದು ಅವನಿಗೆ ಹೇಳಿರಲಿಲ್ಲ. ಒಂದು ರಾತ್ರಿ ಕಪಾಟಿನಲ್ಲಿದ್ದ ರಿಪೋರ್ಟು ಓದಿದ. "ಅವ್ವ ಸಾಯ್ತಾಳಂತ ನಾ ಒಬ್ಬನ ಅಳ್ಕೊಂತ ಕುಂತಿದ್ದೆ. ನನಗ ಯಾಕ ಹೇಳಲಿಲ್ಲ?" ಅಂದ. ಮುಚ್ಚಿಟ್ಟರೆ ಮಕ್ಕಳಿಗೆ ದುಃಖ ತಪ್ಪುವುದಿಲ್ಲ, ಒಂಟಿತನ ಕೂಡುತ್ತದೆ. ಮರುದಿನದಿಂದ ಗುಳಿಗೆಯ ಲೆಕ್ಕ ಅವನ ಕೈಗೆ ಕೊಟ್ಟೆವು. ಓದೂ ಕೆಡಲಿಲ್ಲ.

ಆ ಆಗಸ್ಟಿನಲ್ಲಿ ಕೃಷ್ಣಾ ನದಿಗೆ ಮಹಾಪೂರ ಬಂತು. ಅಥಣಿ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಆಕೆ ಸತ್ತಿಯಲ್ಲಿದ್ದಳು, ಕಿಮೋ ತಾರೀಖು ಹತ್ತಿರ, ದಾರಿ ಬಂದ್. ನನ್ನ ತಮ್ಮ ನೀರೇರುವ ಮೊದಲೇ ಟ್ರ್ಯಾಕ್ಟರಿನಲ್ಲಿ ಅಥಣಿಗೆ ಕರೆದೊಯ್ದ. ಗಂಜಿ ಕೇಂದ್ರದಲ್ಲಿ ಜನ ಜಾಸ್ತಿ, ಆಕೆಯ ರಕ್ತದಲ್ಲಿ ಬಿಳಿಕಣ ಕಡಿಮೆ. ಬಳಗದವರೊಬ್ಬರು ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಟ್ಟು, ಕಾಸಿದ ನೀರು ಕೊಟ್ಟರು. ಡಾಕ್ಟರಿಗೆ ಫೋನು ಮಾಡಿದೆವು. "ಕೆಲವು ದಿನ ತಡ ಆದರ ಅಂಜಬ್ಯಾಡ್ರಿ, ಜ್ವರ ಬಂದರ ಮಾತ್ರ ಒಂದು ತಾಸೂ ಕಾಯಬ್ಯಾಡ್ರಿ" ಅಂದರು. ಎಂಟು ದಿನ ತಡವಾಗಿ ಕಿಮೋ ಆಯಿತು. ಆ ಕೋಣೆ ಕೊಟ್ಟವರು ನಮಗೆ ಏಕಯ್ಯ, ಜೋಗಯ್ಯರೇ.

ಈಗ ಕೆಲವು ಖುಲ್ಲಾ ಮಾತು.

ಕಿಮೋ ನಡೆದಾಗ ಉಪವಾಸ ಮಾಡಿಸಬೇಡಿರಿ. ಜಾತ್ರೆಯ ಗದ್ದಲಕ್ಕೆ ಕರೆತರಬೇಡಿರಿ, ಹೊಂಡದಲ್ಲಿ ಮುಳುಗಿಸಬೇಡಿರಿ. ಹರಕೆಯನ್ನು ಮನೆಯವರು ತೀರಿಸಲಿ, ಇಲ್ಲವೇ ಗುಣವಾದ ಮೇಲೆ ಬರಲಿ. ತಡವಾಯಿತೆಂದು ತಾಯಿ ಮುನಿಯುವುದಿಲ್ಲ. ಕರೆಂಟು ಕೊಟ್ಟ ಜಾಗಕ್ಕೆ ಡಾಕ್ಟರನ್ನು ಕೇಳದೆ ಭಂಡಾರ, ಎಣ್ಣೆ ಹಚ್ಚಬೇಡಿರಿ, ಹಣೆಗೆ ಹಚ್ಚಿರಿ. ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಾಟಿನಲ್ಲಿ ಉಂಡರೂ ಬರುವುದಿಲ್ಲ.

ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯ ಗಂಟು, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತೋರಿಸಿರಿ. 30 ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಸ್ತನ, ಗರ್ಭಕಂಠದ ತಪಾಸಣೆಯ ಯೋಜನೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿನ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಹೊಲ ಮಾರುವ ಮೊದಲು ಇವನ್ನು ಕೇಳಿರಿ.

ಇನ್ನೊಂದು ಹರಕೆ. ನಮ್ಮ ನಿಪ್ಪಾಣಿ, ಚಿಕ್ಕೋಡಿ ಸೀಮೆ ಬೀಡಿ ತಂಬಾಕಿಗೆ ಹೆಸರಾದದ್ದು. ಅದನ್ನು ಬೆಳೆದು ಹೊಟ್ಟೆ ಹೊರೆದವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಬಾಯಲ್ಲಿಟ್ಟ ತಂಬಾಕು, ಗುಟಕಾ ಬಾಯಿ ಕ್ಯಾನ್ಸರಿಗೆ ದಾರಿ. ಗುಟಕಾ ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಗಿದೆ. ಕಿಸೆಯಲ್ಲಿ ಚೀಟಿ ಇದ್ದರೆ ಗುಡ್ಡ ಇಳಿಯುವ ಮೊದಲು ತಾಯಿಯ ಹೆಸರಿನಲ್ಲಿ ಬಿಟ್ಟುಬಿಡಿರಿ. ಈ ಹರಕೆಗೆ ರಸೀದಿ ಬೇಡ.

ನನ್ನ ಹೆಂಡತಿ ಈಗ ತಪಾಸಣೆಗೆ ಹೋಗುತ್ತಾಳೆ, ಬರುತ್ತಾಳೆ. ಪವಾಡವಾಯಿತೆಂದು ನಾನು ಬರೆಯುವುದಿಲ್ಲ. ಹಾಗೆ ಬರೆದರೆ ಹರಕೆ ಹೊತ್ತೂ ಮನೆಯವರನ್ನು ಕಳೆದುಕೊಂಡವರ ಭಕ್ತಿ ಕಡಿಮೆಯಾಯಿತೆಂದು ಹೇಳಿದಂತಾಗುತ್ತದೆ. ಅದು ಸುಳ್ಳು. ಪ್ರತಿ ಸಲ ರಿಪೋರ್ಟು ಬರುವತನಕ ನನ್ನ ಕೈ ನಡುಗುತ್ತದೆ. ಆಕೆಯೇ, "ಇವತ್ತಿನ ದಿನ ತಾಯಿ ಕೊಟ್ಟಾಳ, ಚಹಾ ಕುಡೀರಿ" ಅನ್ನುತ್ತಾಳೆ.

ಕಿವಿಯಲ್ಲಿ ಹೇಳುವ ಭಕ್ತರಿಗೆ ಈಗ ನಾನು ಮೊದಲು ಕೇಳುವುದು ಒಂದೇ: "ಡಾಕ್ಟರಿಗೆ ತೋರಿಸೀರೇನ್ರಿ?" ಆಮೇಲೆ ರಸೀದಿ ಬರೆಯುತ್ತೇನೆ.

ತಾಯಿ ಎಲ್ಲರ ಮನೆ ಕಾಯಲಿ. ಉಧೋ ಉಧೋ!

— ಕಚೇರಿಯ ಒಬ್ಬ ಗುಮಾಸ್ತ, ಸತ್ತಿ