ಕರ್ಮ ಯಾರದು?

ನನ್ನ ಕಣ್ಣು ಹೋದದ್ದಕ್ಕೆ ನಮ್ಮೂರು ಚಿಮ್ಮಡದಲ್ಲಿ ಎರಡು ಕಾರಣ ಹೇಳುತ್ತಾರೆ. ವೈದ್ಯರು ಹೇಳಿದ್ದು ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ. ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಜೀವಕೋಶಗಳು ಸ್ವಲ್ಪ ಸ್ವಲ್ಪವಾಗಿ ಸಾಯುವ ರೋಗ. ಮೊದಲು ರಾತ್ರಿ ಕಾಣುವುದಿಲ್ಲ, ಆಮೇಲೆ ಅಂಚಿನಿಂದ ಕತ್ತಲು ಒಳಕ್ಕೆ ಸರಿಯುತ್ತ ಬರುತ್ತದೆ. ನಮ್ಮವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಈ ರೋಗ ಬರುವ ಸಂಭವ ಹೆಚ್ಚು. ಇನ್ನೊಂದು ಕಾರಣ ಓಣಿಯ ಹಿರಿಯರದು: “ಹ್ವಾದ ಜನ್ಮದಾಗ ಏನ್ ಮಾಡಿದ್ಯೋ ಯವ್ವಾ, ಈ ಜನ್ಮದಾಗ ಉಣ್ಣಾಕತ್ತಿ.”

ಕೆಡುಕು ಬಯಸಿ ಆಡುವ ಮಾತಲ್ಲ ಅದು. ಕಾರಣವೇ ಇಲ್ಲದ ದುಃಖವನ್ನು ನೋಡುತ್ತ ಕೂರಲು ಮನುಷ್ಯನಿಗೆ ಆಗುವುದಿಲ್ಲ. ಅದಕ್ಕೊಂದು ಲೆಕ್ಕ ಬೇಕು. ಹಾಗಾಗಿಯೇ ಆ ಮಾತನ್ನು ನಾನು ತಳ್ಳಿಹಾಕಲಿಲ್ಲ. ನಿಜವಾಗಿಯೂ ಇದು ನನ್ನ ಕರ್ಮವೇ ಎಂದು ಅನೇಕ ವರ್ಷ ಯೋಚಿಸಿದ್ದೇನೆ. ಉತ್ತರದ ದಾರಿ ತೆರೆದದ್ದು ನನ್ನ ಅಂಗಡಿಯಲ್ಲಿ.

ನಮ್ಮದು ಮನೆಯ ಪಡಸಾಲೆಯಲ್ಲೇ ಇರುವ ಕಿರಾಣಿ ಅಂಗಡಿ. ತೊಗರಿಬೇಳೆ, ಶೇಂಗಾ, ಬೆಲ್ಲ, ಅರಿಶಿನ ಇವೆಲ್ಲ ಕೈಗೆ, ಮೂಗಿಗೆ ಗೊತ್ತಾಗುತ್ತವೆ. ತೂಕಕ್ಕೂ ಕೈ ಪಳಗಿದೆ. ಗೊತ್ತಾಗದ್ದು ದುಡ್ಡು. ನೂರು ಮತ್ತು ಅದಕ್ಕಿಂತ ದೊಡ್ಡ ನೋಟುಗಳಲ್ಲಿ ಮಾತ್ರ ಕುರುಡರಿಗಾಗಿ ಉಬ್ಬಿದ ಗುರುತು ಇರುತ್ತದೆ: ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತ, ಅಂಚಿನಲ್ಲಿ ಗೆರೆಗಳು. ಕಬ್ಬು ಕಡಿದು ಬಂದವರ ಬೆವರಿನ ಕೈಗಳಲ್ಲಿ ಓಡಾಡಿದ ನೋಟಿನಲ್ಲಿ ಆ ಉಬ್ಬು ಸವೆದೇ ಹೋಗಿರುತ್ತದೆ. ಹತ್ತು, ಇಪ್ಪತ್ತು, ಐವತ್ತಕ್ಕೆ ಆ ಗುರುತೂ ಇಲ್ಲ. ರಿಸರ್ವ್ ಬ್ಯಾಂಕು 2020ರಲ್ಲಿ ‘ಮಣಿ’ ಎಂಬ ಆ್ಯಪ್ ತಂದಿತು. ಫೋನಿನ ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದೆಂದು ಹೇಳುತ್ತದೆ. ಒಳ್ಳೆಯ ಕೆಲಸವೇ. ಆದರೆ ಸಂಜೆ ಗಿರಾಕಿ ಮುಗಿಬಿದ್ದಾಗ ಒಂದೊಂದೇ ನೋಟು ಹಿಡಿದು ಕೇಳುತ್ತ ಕೂತರೆ ವ್ಯಾಪಾರ ಆಗುವುದಿಲ್ಲ. ಗಲ್ಲಾದ ಮುಂದಿನ ಜಾಗ ಮಗನ ಪಾಲಾಯಿತು. ನಾನು ಒಳಗೆ ಬೇಳೆ ಹಸನು ಮಾಡುತ್ತ ಕೂತೆ.

ಆಮೇಲೆ ಅಂಗಡಿಗೆ ಕ್ಯೂಆರ್ ಕೋಡ್ ಬಂತು, ಅದರ ಹಿಂದೆಯೇ ಮಾತಾಡುವ ಡಬ್ಬಿ ಬಂತು. ಯಾರು ಎಷ್ಟು ಹಾಕಿದರೂ ಅಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಕೂಗುತ್ತದೆ. ಅದನ್ನು ಕುರುಡರಿಗೆಂದು ಯಾರೂ ಮಾಡಿದ್ದಲ್ಲ. ತೂಗುವ, ಕಟ್ಟುವ ಗಡಿಬಿಡಿಯಲ್ಲಿ ಫೋನು ನೋಡಲು ಪುರಸೊತ್ತಿಲ್ಲದ ಅಂಗಡಿಯವರಿಗಾಗಿ ಮಾಡಿದ್ದು. ನಾನು ಮತ್ತೆ ಗಲ್ಲಾದ ಮುಂದೆ ಕೂತೆ. ಸಾಲದ ಲೆಕ್ಕವನ್ನು ಫೋನಿಗೆ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ. ಪರದೆ ಓದುವ ಟಾಕ್‌ಬ್ಯಾಕ್ ಹಚ್ಚಿದರೆ ಅದನ್ನೇ ಓದಿ ಹೇಳುತ್ತದೆ. ಈ ಲೇಖನವನ್ನೂ ಹಾಗೆಯೇ ಹೇಳಿ ಬರೆಸಿದ್ದು.

ಈಗ ನನ್ನ ಪ್ರಶ್ನೆ. ನನ್ನ ಕಣ್ಣು ಮೊದಲು ಹೇಗಿತ್ತೋ ಈಗಲೂ ಹಾಗೆಯೇ ಇದೆ. ಆದರೆ ‘ಇವಳ ಕೈಯಲ್ಲಿ ಅಂಗಡಿ ಆಗುವುದಿಲ್ಲ’ ಎಂಬ ಸ್ಥಿತಿ ಹೋಯಿತು. ಕರ್ಮಫಲ ಉಂಡೇ ತೀರಬೇಕು ಎನ್ನುತ್ತದೆ ಶಾಸ್ತ್ರ. ಹಾಗಿದ್ದರೆ ಜನ್ಮಾಂತರದ ಫಲವೊಂದು ಅಂಗೈ ಅಗಲದ ಡಬ್ಬಿಯಿಂದ ಅರ್ಧ ಕರಗಿದ್ದು ಹೇಗೆ? ಆ ಡಬ್ಬಿ ಬಂದದ್ದೂ ನಿನ್ನ ಪುಣ್ಯದಿಂದಲೇ ಎಂದು ಯಾರಾದರೂ ಹೇಳಬಹುದು. ಆದರೆ ಆದದ್ದಕ್ಕೂ ಆಗದ್ದಕ್ಕೂ ಒಂದೇ ಉತ್ತರವಾದರೆ ಅದು ಏನನ್ನೂ ತಿಳಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನೋಟು ಅಚ್ಚು ಹಾಕುವವರನ್ನೂ ಮೆಟ್ಟಿಲು ಕಟ್ಟುವವರನ್ನೂ ಪ್ರಶ್ನೆಯಿಂದ ಪಾರು ಮಾಡುತ್ತದೆ. ಕಣ್ಣು ಹೋದದ್ದು ಯಾವುದರಿಂದ ಎಂದು ನಾನು ವಾದಿಸುವುದಿಲ್ಲ. ಕಣ್ಣು ಹೋದ ಮೇಲೆ ನನ್ನನ್ನು ಒಳಮನೆಯಲ್ಲಿ ಕೂರಿಸಿದ್ದು ಮಾತ್ರ ನನ್ನ ಹಿಂದಿನ ಜನ್ಮವಲ್ಲ. ಕಾಣುವವರಿಗಷ್ಟೇ ಎಂದು ಮಾಡಿಟ್ಟ ಲೋಕ ಅದು. ಆ ಕರ್ಮ ಮಾಡಿದವರದ್ದು, ಮತ್ತು ಈ ಜನ್ಮದ್ದೇ.

ಇಂಥ ಡಬ್ಬಿಗಳ ಕಾಲ ಬರುತ್ತದೆಂದು ಮೊದಲೇ ಊಹಿಸಿದವನೊಬ್ಬನಿದ್ದ. ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಮಾರ್ಕ್ ವೈಸರ್ ಎಂಬ ವಿಜ್ಞಾನಿ 1991ರಲ್ಲಿ ಒಂದು ಲೇಖನ ಬರೆದ. ಕಂಪ್ಯೂಟರ್ ಮುಂದೊಂದು ದಿನ ಮೇಜಿನ ಮೇಲಿನ ಪೆಟ್ಟಿಗೆಯಾಗಿ ಉಳಿಯುವುದಿಲ್ಲ, ಗೋಡೆ, ಬಾಗಿಲು, ಜೇಬು ಎಲ್ಲ ಕಡೆ ಸೇರಿಕೊಂಡು ಇದೆಯೆಂಬುದೇ ಗೊತ್ತಾಗದಂತಾಗುತ್ತದೆ ಎಂಬುದು ಅವನ ಎಣಿಕೆ. ಪಕ್ಕದ ರಬಕವಿ-ಬನಹಟ್ಟಿಯ ಸೀರೆಯಲ್ಲಿ ಹೊಕ್ಕಿನ ಎಳೆ ಬೇರೆಯಾಗಿ ಕಾಣದಂತೆ. ಆ ದಿನ ಈಗ ಚಿಮ್ಮಡಕ್ಕೂ ಬಂದಿದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಓದುವ ಯಂತ್ರ, ಬಸ್ ಕಂಡಕ್ಟರನ ಕೈಯ ಟಿಕೆಟ್ ಯಂತ್ರ, ಬ್ಯಾಂಕು, ಪಿಂಚಣಿ, ಆಸ್ಪತ್ರೆಯ ಚೀಟಿ, ಎಲ್ಲದರಲ್ಲೂ ಅದೇ.

ಆದರೆ ಎಲ್ಲೆಲ್ಲೂ ಇರುವುದು ಬೇರೆ, ಎಲ್ಲರಿಗೂ ದೊರೆಯುವುದು ಬೇರೆ. ಕಾರ್ಡ್ ಉಜ್ಜುವ ಹಳೆಯ ಯಂತ್ರದಲ್ಲಿ ಗುಂಡಿಗಳಿದ್ದವು, ನಡುವಿನ ಐದರ ಮೇಲೊಂದು ಚುಕ್ಕೆ ಇರುತ್ತಿತ್ತು. ಬೆರಳೇ ಪಿನ್ ಒತ್ತುತ್ತಿತ್ತು. ಹೊಸ ಯಂತ್ರಗಳಲ್ಲಿ ಅನೇಕವಕ್ಕೆ ಬರೀ ಗಾಜು. ಹಾಗಾಗಿ ಗುಟ್ಟಾಗಿಡಬೇಕಾದ ನಂಬರನ್ನು ಎದುರಿಗಿದ್ದವನಿಗೆ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಆ್ಯಪ್‌ಗಳಲ್ಲಿ ಗುಂಡಿಗೆ ಹೆಸರು ಬರೆದಿರುವುದಿಲ್ಲ. ಟಾಕ್‌ಬ್ಯಾಕ್ “ಬಟನ್, ಬಟನ್” ಎಂದಷ್ಟೇ ಹೇಳುತ್ತದೆ, ಯಾವುದು ಹಣ ಕಳಿಸುವುದೋ ಯಾವುದು ಅಳಿಸುವುದೋ ತಿಳಿಯದು. ಖಾತೆದಾರರ ಗುರುತು ಖಚಿತಪಡಿಸುವ ಕೆವೈಸಿ ಮಾಡುವಾಗ ಮುಖವನ್ನು ಚೌಕಟ್ಟಿನೊಳಗೆ ಹಿಡಿದು ಕಣ್ಣು ಮಿಟುಕಿಸು ಎನ್ನುತ್ತದೆ ಯಂತ್ರ. ಜೀವಂತ ಇದ್ದೇನೆಂಬುದಕ್ಕೆ ಅದೇ ಸಾಕ್ಷಿಯಂತೆ. ಆ್ಯಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾಗದ ಪ್ರಜ್ಞಾ ಪ್ರಸೂನ್ ಇದನ್ನೇ ಸುಪ್ರೀಂ ಕೋರ್ಟಿಗೆ ಒಯ್ದರು. 2025ರ ಏಪ್ರಿಲ್ 30ರಂದು ನ್ಯಾಯಾಲಯ, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿ, ಕೆವೈಸಿ ಎಲ್ಲರಿಗೂ ಸಾಧ್ಯವಾಗಲು 20 ನಿರ್ದೇಶನ ಕೊಟ್ಟಿತು. ಅದಕ್ಕೂ ಮೊದಲು, 2024ರ ನವೆಂಬರಿನಲ್ಲಿ, ರಾಜೀವ್ ರತೂರಿ ಪ್ರಕರಣದಲ್ಲಿ ಇಂಥ ಅನುಕೂಲಗಳು ಇಷ್ಟವಿದ್ದರೆ ಮಾಡುವ ಕೆಲಸವಲ್ಲ, ಕಡ್ಡಾಯ ನಿಯಮಗಳೇ ಬೇಕು ಎಂದಿತ್ತು. 2011ರ ಜನಗಣತಿಯಂತೆ ಕರ್ನಾಟಕದಲ್ಲೇ ಅಂಗವಿಕಲರು 13.24 ಲಕ್ಷ. ಇದು ಒಬ್ಬಿಬ್ಬರ ಮಾತಲ್ಲ.

ಎಲ್ಲೆಲ್ಲೂ ಇರುವಾತ ಎಂದು ನಾವು ಕರೆಯುವುದು ದೇವರನ್ನು. ಹನ್ನೆರಡನೆಯ ಶತಮಾನದ ಶರಣರಿಗೂ ಎದುರಾಗಿದ್ದು ಇದೇ ತೊಡಕು. ದೇವರು ಎಲ್ಲ ಕಡೆ ಇದ್ದಾನೆಂದು ಎಲ್ಲರೂ ಒಪ್ಪುತ್ತಿದ್ದರು. ಗುಡಿಯ ಹೊಸ್ತಿಲು ಮಾತ್ರ ಕೆಲವರಿಗಷ್ಟೇ ತೆರೆದಿತ್ತು. ಹತ್ತಿ ಬಾ ಎಂದು ಮೇಲೆ ನಿಂತು ಕರೆಯಲಿಲ್ಲ ಶರಣರು. ಲಿಂಗವನ್ನೇ ಅಂಗೈಗೆ ತಂದುಕೊಟ್ಟರು. ಇಷ್ಟಲಿಂಗ ಹಿಡಿಯಲು ಏಣಿ ಬೇಡ, ಪೂಜಾರಿ ಬೇಡ, ಕಣ್ಣಿಲ್ಲದವರೂ ಬೆರಳಿಂದ ಮುಟ್ಟಿ ತಿಳಿಯಬಹುದು. ಭಕ್ತನ ಮೈಗೆ ತಕ್ಕಂತೆ ಪರವಸ್ತುವೇ ಬಾಗಿ ಬಂದದ್ದು ನಮ್ಮ ಧರ್ಮ ಮಾಡಿದ ಬಹು ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಪರವಸ್ತುವೇ ಬಾಗಿದ ಮೇಲೆ ಒಂದು ಯಂತ್ರ, ಒಂದು ಮೆಟ್ಟಿಲು ಬಾಗಲಾರದೇ?

ಇಲ್ಲೊಂದು ಎಚ್ಚರ ಬೇಕು. ನಮ್ಮ ಓಣಿಯಲ್ಲಿ ಪೋಲಿಯೊದಿಂದ ಕಾಲು ಹೋದ ಹಿರಿಯರೊಬ್ಬರಿದ್ದಾರೆ. ಜಾತ್ರೆಯಲ್ಲಿ ಅವರಿಗೆ ಜನ ಹೇಳುವುದು, “ಮನ್ಯಾಗ ಕುಂತ ಫೋನ್‌ದಾಗ ನೋಡ್ರಿ ಕಾಕಾ, ಲೈವ್ ಬರ್ತದ.” ಪ್ರೀತಿಯ ಮಾತೇ. ಆದರೆ ನಮ್ಮೂರ ಪ್ರಭುಲಿಂಗೇಶ್ವರನ ಜಾತ್ರೆಯೆಂದರೆ ಬರೀ ನೋಡುವುದೇ? ಪಂಕ್ತಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಕಿಚಡಿ ಪ್ರಸಾದ ಉಣ್ಣುವುದು, ಬೀಗರ ಕುಶಲ ಕೇಳುವುದು, ಊರಿನವರಲ್ಲಿ ಒಬ್ಬರಾಗಿರುವುದು. ಫೋನಿನ ದರ್ಶನ ಬೇಕೆಂದವರಿಗೆ ಇರಲಿ. ರ‍್ಯಾಂಪ್ ಕಟ್ಟದಿರುವುದಕ್ಕೆ ಅದೇ ನೆಪವಾದರೆ ಅದು ಇನ್ನೊಂದು ಬಗೆಯ ಹೊರಗಿಡುವಿಕೆ.

ಇನ್ನೊಂದು ಮಾತನ್ನೂ ಗೌರವದಿಂದಲೇ ಎದುರಿಸಬೇಕು: “ಕಣ್ಣಿಲ್ಲದಿದ್ದರೇನು, ಒಳಗಣ್ಣು ಐತಿ, ಗದುಗಿನ ಅಜ್ಜಾರನ್ನ ನೋಡ್ರಿ.” ಕಣ್ಣಿಲ್ಲದೆಯೂ ಸಂಗೀತದಲ್ಲಿ ದೊಡ್ಡವರಾದ ಪಂಚಾಕ್ಷರಿ ಗವಾಯಿಗಳನ್ನೂ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳನ್ನೂ ನೆನೆದರೆ ನನಗೂ ಕೈ ತಾನಾಗಿ ಮುಗಿಯುತ್ತದೆ. ಆದರೆ ಅವರ ಬದುಕು ಹೇಳುವುದು ಒಳಗಣ್ಣಿದ್ದರೆ ಸಾಕು ಎಂದಲ್ಲ. ಕಣ್ಣಿಲ್ಲದ ಹುಡುಗ ಪಂಚಾಕ್ಷರಿಗೆ ಸಂಗೀತ ಕಲಿಯುವ ಏರ್ಪಾಡು ಮಾಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಊಟ, ವಸತಿ, ವಾದ್ಯ, ಗುರು ಎಲ್ಲ ಸಿಕ್ಕವು. ಅದನ್ನು ಸಾಕಲು ಗವಾಯಿಗಳು ನಾಟಕ ಕಂಪನಿ ನಡೆಸಿದರು. ಒಳಗಣ್ಣು ತೆರೆಯಲೂ ಹೊರಗೆ ಯಾರೋ ದಾರಿ ಕಟ್ಟಬೇಕಾಯಿತು.

ಆ ಮಕ್ಕಳಿಗೆ ಅಲ್ಲಿ ಸಿಕ್ಕದ್ದು ಭಿಕ್ಷೆಯಲ್ಲ, ವಿದ್ಯೆ. ಜಾತ್ರೆಯಲ್ಲಿ ನನ್ನ ಕೈಗೂ ಜನ ನಾಣ್ಯ ಇಟ್ಟುಹೋಗಿದ್ದಿದೆ. ಕೊಟ್ಟವರಿಗೆ ಪುಣ್ಯ ಬರಬಹುದು. ನನಗೆ ಬೇಕಿದ್ದದ್ದು ಕಾಯಕ. ಕಾಯಕವಿಲ್ಲದೆ ದಾಸೋಹವಿಲ್ಲ. ಗಲ್ಲಾದ ಮುಂದೆ ಮತ್ತೆ ಕೂತ ಮೇಲೆ ಆ ವರ್ಷದ ಪ್ರಸಾದಕ್ಕೆ ನಮ್ಮ ಅಂಗಡಿಯಿಂದಲೂ ಬೇಳೆ ಕೊಟ್ಟೆ. ಉಣ್ಣುವವಳಾಗಿದ್ದವಳು ನೀಡುವವಳೂ ಆದೆ. ಅಂಗವಿಕಲರಿಗೆ ಅನುಕೂಲ ಮಾಡುವುದೆಂದರೆ ಅವರ ಮೇಲೆ ದಯೆ ತೋರುವುದು ಎಂದು ತಿಳಿದವರಿಗೆ ನಾನು ಹೇಳುವುದಿಷ್ಟೇ: ನೀಡುವ ಅವಕಾಶವನ್ನು ನಮ್ಮಿಂದ ಕಸಿಯದಿರುವುದು, ಅಷ್ಟೇ ಅದು.

ಆದ್ದರಿಂದ ಆ್ಯಪ್ ಬರೆಯುವ ಎಂಜಿನಿಯರರೇ, ಯಂತ್ರ ಕೊಳ್ಳುವ ಬ್ಯಾಂಕಿನವರೇ, ಗುಡಿಯ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತುವ ಹಿರಿಯರೇ, ಕೆಲಸ ಮುಗಿಸುವ ಮೊದಲು ನಮ್ಮಲ್ಲೊಬ್ಬರನ್ನು ಕರೆಯಿರಿ. ಗುಂಡಿ ಒತ್ತಿಸಿ, ಮೆಟ್ಟಿಲ ಬಳಿಗೆ ಕರೆದೊಯ್ಯಿರಿ, ಎಲ್ಲಿ ತಡೆಯುತ್ತದೆಂದು ಕೇಳಿ. ತಡೆಯುವುದನ್ನು ತೆಗೆಯಿರಿ. ನನ್ನ ಹಿಂದಿನ ಜನ್ಮ ಯಾರಿಗೂ ಗೊತ್ತಿಲ್ಲ. ನಿಮ್ಮ ಈ ಜನ್ಮದ ಕರ್ಮ ನಿಮ್ಮ ಕೈಯಲ್ಲೇ ಇದೆ, ಅದನ್ನು ಇಂದೇ ಒಳ್ಳೆಯದು ಮಾಡಿಕೊಳ್ಳಬಹುದು.